ಮೂಡ್ ಲೆಕ್ಕಕ್ಕೆ ಗೋಡೆ ಕ್ಯಾಲೆಂಡರ್: ಹತ್ತು ತಿಂಗಳು ಬಳಸಿದ ಮೇಲೆ

ಬೆಲೆ ಸೊನ್ನೆ. ಜೊತೆಗೆ ಹತ್ತು ರೂಪಾಯಿಯ ಹಸಿರು ಬಾಲ್ ಪೆನ್ ಒಂದು. ಅಡುಗೆಮನೆ ಬಾಗಿಲ ಪಕ್ಕ ಮೊಳೆ ಮೊದಲೇ ಇತ್ತು. 5ಕ್ಕೆ 4 ಸ್ಟಾರ್ ಕೊಡುತ್ತೇನೆ. ಒಂದು ಸ್ಟಾರ್ ಯಾಕೆ ಹಿಡಿದುಕೊಂಡೆ ಅಂತ ಮುಂದೆ ಹೇಳುತ್ತೇನೆ.

ನಾನು ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವಳು. ವಯಸ್ಸು 46. ನಮ್ಮ ಮಂಡಿಯಿಂದ ಪ್ರತಿ ವರ್ಷ ರೈತರಿಗೆ ಕ್ಯಾಲೆಂಡರ್ ಹಂಚುತ್ತೇವೆ. ಮೇಲೆ ಲಕ್ಷ್ಮಿ, ಕೆಳಗೆ ಸಾಹುಕಾರ್ರ ಹೆಸರು, ನಡುವೆ ದೊಡ್ಡ ದೊಡ್ಡ ಅಂಕಿ. ತಿಥಿ, ನಕ್ಷತ್ರ, ರಾಹುಕಾಲ ಎಲ್ಲಾ ಇರುತ್ತದೆ. ನಿಮ್ಮನೆಯಲ್ಲೂ ಇಂಥದ್ದು ಒಂದು ನೇತಾಡುತ್ತಿರುತ್ತದೆ. ಹಾಲಿನ ಲೆಕ್ಕ, ಗ್ಯಾಸ್ ಬುಕ್ ಮಾಡಿದ ದಿನ, ಚೀಟಿ ಕಟ್ಟುವ ತಾರೀಖು ಬರೆಯುತ್ತೇವಲ್ಲ, ಅದೇ. ನಾನು ವಿಮರ್ಶೆ ಮಾಡುತ್ತಿರುವುದು ಆ 2025ರ ಕ್ಯಾಲೆಂಡರನ್ನ. ಕೆಲಸ ಮಾತ್ರ ಬೇರೆ ಕೊಟ್ಟಿದ್ದೆ.

ಕಳೆದ ವರ್ಷದ ಕೊನೆಯಿಂದ ನನಗೆ ಏನೋ ಆಗುತ್ತಿತ್ತು. ಬೆಳಿಗ್ಗೆ ನಗುನಗುತ್ತಾ ಉಪ್ಪಿಟ್ಟು ಮಾಡಿ ಇಟ್ಟವಳು ಹತ್ತು ನಿಮಿಷದಲ್ಲಿ ಒದ್ದೆ ಟವೆಲ್ ನೋಡಿ ಕೂಗಾಡುತ್ತಿದ್ದೆ. ಮಂಡಿಯಲ್ಲಿ ಹಮಾಲಿಯೊಬ್ಬ "ಅಕ್ಕ, ಟೀ ಕುಡಿತೀರಾ" ಅಂದಿದ್ದಕ್ಕೆ ಕಣ್ಣಲ್ಲಿ ನೀರು ಬಂತು. ಟೀ ಕೇಳಿದ್ದಕ್ಕೆ! ಅವನು ಗಾಬರಿಯಾಗಿ ಲೋಟ ಹಿಡಿದುಕೊಂಡೇ ನಿಂತ. ರಾತ್ರಿ ಎರಡಕ್ಕೆ ಎಚ್ಚರ, ಕುತ್ತಿಗೆ ಹಿಂದೆ ಬೆವರು. ಚಳಿಗಾಲದಲ್ಲೂ ನನಗೆ ಫ್ಯಾನ್ ಐದರಲ್ಲಿ ಬೇಕು, ನಮ್ಮನೆಯವರು ಪಕ್ಕದಲ್ಲಿ ಎರಡು ರಗ್ಗು ಹೊದ್ದು ಮುದುರಿಕೊಂಡಿರುತ್ತಿದ್ದರು.

ಡಾಕ್ಟರ ಹತ್ತಿರ ಹೋದೆ. ಇದು ಎಷ್ಟು ದಿನದಿಂದ, ತಿಂಗಳಲ್ಲಿ ಎಷ್ಟು ಸಲ ಅಂತ ಕೇಳಿದರು. "ಯಾವಾಗಲೂ ಹೀಗೇ ಡಾಕ್ಟ್ರೇ" ಅಂದೆ. ಅವರು ಪೆನ್ ಕೆಳಗಿಟ್ಟರು. "ಯಾವಾಗಲೂ ಅಂದ್ರೆ ನಾನು ಏನಂತ ಬರ್ಕೊಳ್ಲಿ? ಎರಡು ತಿಂಗಳು ದಿನಾ ಬರೆದಿಟ್ಟುಕೊಂಡು ಬನ್ನಿ." ಲೆಕ್ಕ ಬರೆಯುವವಳಿಗೆ ಲೆಕ್ಕ ಕೇಳಿದರು. ನನ್ನ ಹತ್ತಿರ ಲೆಕ್ಕವೇ ಇರಲಿಲ್ಲ.

ಮೊದಲು ಮಗಳು ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಳು. ಅವಳು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಳೆ, ಅವಳಿಗೆ ಎಲ್ಲದಕ್ಕೂ ಆ್ಯಪ್. ಐದು ಮುಖ ತೋರಿಸುತ್ತೆ, ಒಂದನ್ನ ಒತ್ತಬೇಕು. ಆಮೇಲೆ ಇಂಗ್ಲಿಷಿನಲ್ಲಿ ಮೂವತ್ತು ನಲವತ್ತು ಪದ. ಅದರಲ್ಲಿ ನನ್ನದು ಯಾವುದು ಅಂತ ಹುಡುಕುವುದರಲ್ಲೇ ಇದ್ದ ಮೂಡೂ ಹೋಗುತ್ತಿತ್ತು. ರಾತ್ರಿ ಒಂಬತ್ತಕ್ಕೆ ಸರಿಯಾಗಿ ಟಿಣ್ ಅನ್ನುತ್ತೆ, ನಾನು ಆಗ ಚಪಾತಿ ಲಟ್ಟಿಸುತ್ತಾ ಇರುತ್ತೇನೆ, ಕೈಯೆಲ್ಲಾ ಹಿಟ್ಟು. ಏಳು ದಿನ ಆದಮೇಲೆ ದುಡ್ಡು ಕೇಳಿತು. ಮುಂದಿನ ಮುಟ್ಟು ಇಂಥ ದಿನ ಅಂತ ಭವಿಷ್ಯ ಬೇರೆ ಹೇಳಿತು. ಮೂರು ವಾರ ತಪ್ಪಿತು. ಅಳಿಸಿ ಹಾಕಿದೆ.

ಆಮೇಲೆ ಗಾಂಧಿ ಬಜಾರಿನಲ್ಲಿ 240 ರೂಪಾಯಿ ಕೊಟ್ಟು ಒಂದು ಡೈರಿ ತಂದೆ. ಗಟ್ಟಿ ರಟ್ಟು, ನುಣುಪು ಹಾಳೆ, ನೋಡೋಕೆ ಚೆನ್ನಾಗಿದೆ. ತೊಂದರೆ ಡೈರಿಯದಲ್ಲ, ನನ್ನದು. ಒಳ್ಳೆ ದಿನ ಒಂದು ಸಾಲು ಬರೆಯುತ್ತಿದ್ದೆ. ಕೆಟ್ಟ ದಿನ ಮೂರು ಪುಟ. ಯಾರು ಏನಂದರು, ನಾನು ಏನನ್ನಬೇಕಿತ್ತು, ಹದಿನೈದು ವರ್ಷದ ಹಿಂದೆ ನಾದಿನಿ ಮದುವೆಯಲ್ಲಿ ಏನಾಗಿತ್ತು, ಎಲ್ಲಾ. ಬರೆದು ಓದಿಕೊಂಡರೆ ಇಳಿದಿದ್ದ ಸಿಟ್ಟು ಮತ್ತೆ ಏರುತ್ತಿತ್ತು. ಹನ್ನೊಂದನೇ ದಿನಕ್ಕೆ ನಿಲ್ಲಿಸಿದೆ. ಈಗ ಅದರಲ್ಲಿ ದಿನಸಿ ಪಟ್ಟಿ ಬರೆಯುತ್ತೇನೆ.

ಆಗ ಹೊಳೆದದ್ದು ಕಿರ್ದಿ. ಮಂಡಿ ಲೆಕ್ಕ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಕಿರ್ದಿ ಅಂದರೆ ಆಯಾ ದಿನ ಬಂದಿದ್ದು ಹೋಗಿದ್ದು ಬರೆಯುವ ಪುಸ್ತಕ. ಅಲ್ಲಿ ಕಾರಣ ಬರೆಯುವ ಹಾಗಿಲ್ಲ. ದರ ಯಾಕೆ ಬಿತ್ತು, ತಪ್ಪು ಯಾರದ್ದು, ಅದೆಲ್ಲ ಕಿರ್ದಿಗೆ ಬೇಡ. ಬರೆ, ಮುಚ್ಚು, ಮನೆಗೆ ಹೋಗು. ಖಾತೆಗೆ ಎತ್ತಿಕೊಂಡು ನೋಡುವುದು ಆಮೇಲೆ. ಮೂಡಿಗೂ ಹಾಗೇ ಮಾಡೋಣ ಅಂತ ಕ್ಯಾಲೆಂಡರಿನ ಒಂದೊಂದು ತಾರೀಖಿನ ಮನೆಗೆ ಒಂದೇ ಅಕ್ಷರ ಅಂತ ಇಟ್ಟುಕೊಂಡೆ.

ಅಕ್ಷರ ಹುಡುಕುವಾಗ ಒಂದು ಗೊತ್ತಾಯಿತು. ಇಷ್ಟು ವರ್ಷ ನಾನು ಎಲ್ಲದಕ್ಕೂ "ಬೇಜಾರು" ಅಂತಲೇ ಹೇಳುತ್ತಿದ್ದೆ. ಗಂಡ ಮಾತಾಡಲಿಲ್ಲ, ಬೇಜಾರು. ಭಾನುವಾರ ಮಧ್ಯಾಹ್ನ ಏನೂ ಕೆಲಸ ಇಲ್ಲ, ಬೇಜಾರು. ತೀರಿಹೋದ ಅಪ್ಪ ನೆನಪಾದರು, ಅದೂ ಬೇಜಾರು. ಮೂರೂ ಒಂದೇನಾ? ಹಾಗಾಗಿ "ಬೇ" ಬೇಡವೇ ಬೇಡ ಅಂದುಕೊಂಡೆ. ಸಿಟ್ಟಿಗೆ "ಸಿ". ಅಳುವಿಗೆ "ಅ". ಏನೂ ಬೇಡ, ಯಾರೂ ಬೇಡ ಅನ್ನಿಸುವ ಮಂಕಿಗೆ "ಮಂ". ಎದೆ ಡವಡವ, ಏನೋ ಆಗಿಬಿಡುತ್ತೆ ಅನ್ನುವ ತಳಮಳಕ್ಕೆ "ತ". ನೆಮ್ಮದಿಯ ದಿನಕ್ಕೆ "ನೆ". ಪಕ್ಕದಲ್ಲಿ ಹಿಂದಿನ ರಾತ್ರಿ ಎಷ್ಟು ಗಂಟೆ ನಿದ್ದೆ ಬಂತು ಅನ್ನುವ ಅಂಕಿ. ಮುಟ್ಟಾದ ದಿನ ತಾರೀಖಿಗೆ ಒಂದು ಸುತ್ತು. ಅಷ್ಟೇ. ರಾತ್ರಿ ಹಾಲಿಗೆ ಹೆಪ್ಪು ಹಾಕಿ ಬರುವಾಗ ಬರೆಯುತ್ತೇನೆ. ಹತ್ತು ಸೆಕೆಂಡ್ ಸಾಕು.

ಈಗ ಮಾಲಿನ ಗುಣಮಟ್ಟ. ಹಾಳೆ ಒಂದು ಕಡೆ ಹೊಳಪು, ಜೆಲ್ ಪೆನ್ ಹಿಡಿಯುವುದಿಲ್ಲ, ಕೈ ತಾಗಿದರೆ ಉಜ್ಜಿ ಹೋಗುತ್ತದೆ. ಸ್ಕೆಚ್ ಪೆನ್ ಹಿಂದಿನ ಪುಟಕ್ಕೆ ಇಳಿಯುತ್ತದೆ. ಮಾಮೂಲಿ ಬಾಲ್ ಪೆನ್ನೇ ಸರಿ. ಮೊದಲು ಕೆಂಪಿನಲ್ಲಿ ಬರೆದೆ. ಭಾನುವಾರಗಳೆಲ್ಲ ಕೆಂಪಿನಲ್ಲೇ ಅಚ್ಚಾಗಿರುತ್ತವಲ್ಲ, ನನ್ನ "ಸಿ" ಅದರಲ್ಲಿ ಕರಗಿಹೋಯಿತು. ಜನವರಿಯಲ್ಲಿ ಭಾನುವಾರ ನನಗೆ ಸಿಟ್ಟೇ ಬರುವುದಿಲ್ಲ ಅಂತ ಎರಡು ವಾರ ಖುಷಿಯಾಗಿದ್ದೆ! ಆಮೇಲೆ ಹಸಿರಿಗೆ ಬದಲಾಯಿಸಿದೆ. ಮನೆಯ ಅರ್ಧ ಭಾಗವನ್ನ ತಿಥಿ ನಕ್ಷತ್ರ ತಿನ್ನುತ್ತವೆ, ಉಳಿದದ್ದರಲ್ಲಿ ಹಾಲಿನ ಲೆಕ್ಕ, ಅದರ ಸಂದಿಯಲ್ಲಿ ನನ್ನ ಅಕ್ಷರ. ಅಮಾವಾಸ್ಯೆ ಮನೆಯಲ್ಲಿ ಕಪ್ಪು ಚುಕ್ಕಿ ದೊಡ್ಡದಾಗಿ ಹೊಡೆದಿರುತ್ತಾರೆ, ಅಲ್ಲಿ ಅಳೋಕೂ ಜಾಗ ಇಲ್ಲ.

ಸ್ಟಾರ್ ಕಟ್ ಆಗಿದ್ದು ಮಾತ್ರ ಮಾರ್ಚಿನಲ್ಲಿ. ಈ ಕ್ಯಾಲೆಂಡರಿನಲ್ಲಿ ವಾರಗಳು ಮೇಲಿಂದ ಕೆಳಗೆ ಇಳಿಯುತ್ತವೆ, ಐದೇ ಸಾಲು. ಮಾರ್ಚ್ 1 ಶನಿವಾರ ಬಂದಿದ್ದರಿಂದ 30, 31ಕ್ಕೆ ಕೊನೆಯಲ್ಲಿ ಜಾಗ ಸಿಗದೆ ಮೊದಲ ಸಾಲಿನ ಖಾಲಿ ಮನೆಗಳಿಗೆ ಹೋಗಿ ಕೂತಿವೆ. ಯುಗಾದಿ ಬಂದಿದ್ದು 30ಕ್ಕೆ. ತಿಂಗಳ ಕೊನೆಯ ಹಬ್ಬ ಹಾಳೆಯ ಮೊದಲ ಮನೆಯಲ್ಲಿ! ಸತತ ಎಷ್ಟು ದಿನ ಮಂಕಿತ್ತು ಅಂತ ಎಣಿಸುವಾಗ ನಾನು ಎರಡು ಸಲ ತಪ್ಪಿದೆ. ಆಗಸ್ಟ್ 31, ನವೆಂಬರ್ 30 ಕೂಡ ಹೀಗೇ ಮುಂದೆ ಹೋಗಿ ಕೂತಿವೆ. ಒಂದು ಸಾಲು ಜಾಸ್ತಿ ಮಾಡಿದರೆ ಪ್ರೆಸ್‌ನವರ ಗಂಟೇನು ಹೋಗುತ್ತೆ ಅಂತ ಸಾಹುಕಾರ್ರಿಗೆ ಹೇಳಿದ್ದೇನೆ. "ಹೂಂ" ಅಂದಿದ್ದಾರೆ. ಅವರು ಎಲ್ಲದಕ್ಕೂ ಹೂಂ ಅನ್ನುತ್ತಾರೆ.

ಇನ್ನೊಂದು ಅಪಾಯ ಅತ್ತೆಯವರು. ತಿಂಗಳು ಮುಗಿದ ಹಾಳೆ ಅವರಿಗೆ ಮನೆ ಸಾಮಾನು. ಮಾರ್ಚ್ ಮೊದಲ ವಾರ ಫೆಬ್ರವರಿ ಹಾಳೆ ಕಾಣಲಿಲ್ಲ. ಎರಡು ದಿನ ಹುಡುಕಿದೆ. ಕೊನೆಗೆ ಸಿಕ್ಕಿದ್ದು ಅಡುಗೆಮನೆ ಕಪಾಟಿನಲ್ಲಿ, ಸಾರಿನ ಪುಡಿ, ಹುಳಿ ಪುಡಿ ಡಬ್ಬಿಗಳ ಕೆಳಗೆ, ಅಂಚು ಮಡಚಿ ನೀಟಾಗಿ ಹಾಸಿದ್ದರು. ಹೊಳಪಿನ ಕಡೆ ಮೇಲೆ. ಫೆಬ್ರವರಿ 11ರ ಮೇಲೆ ಅರಿಶಿನದ ಗುಂಡು ಕಲೆ, ಕೆಳಗೆ ಏನು ಬರೆದಿದ್ದೆನೋ ಇವತ್ತಿಗೂ ಗೊತ್ತಿಲ್ಲ.

ಜನವರಿ ಮುಗಿದ ರಾತ್ರಿ ಮೊದಲ ಸಲ ಎಣಿಸಿದೆ. ಕೆಟ್ಟ ದಿನ 9. ಮತ್ತೆ ಎಣಿಸಿದೆ. 9. ಉಳಿದ 22 ದಿನ "ನೆ", ಇಲ್ಲವೇ ಖಾಲಿ. ಡಾಕ್ಟರಿಗೆ "ಯಾವಾಗಲೂ" ಅಂದಿದ್ದೆನಲ್ಲ? ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ. ಕೆಟ್ಟ ದಿನದಲ್ಲಿ ನಿಂತು ಹಿಂದೆ ನೋಡಿದರೆ ಎಲ್ಲಾ ದಿನವೂ ಹಾಗೇ ಕಾಣುತ್ತಿತ್ತು. ನಮ್ಮನೆಯವರೂ "ನೀನು ಯಾವಾಗ್ಲೂ ರೇಗ್ತೀಯ" ಅನ್ನುತ್ತಿದ್ದರು. ಹಾಳೆ ತೆಗೆದು ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಸಿ ಮಾತ್ರ ಎಣಿಸಿದರು. "ಐದೇನಾ?" ಅಂದರು. ಆ ದನಿಯಲ್ಲಿ ಸ್ವಲ್ಪ ನಿರಾಸೆ ಇತ್ತು ಅಂತ ನನ್ನ ಅನುಮಾನ.

ಎರಡು ತಿಂಗಳ ಹಾಳೆ ಸುರುಳಿ ಸುತ್ತಿಕೊಂಡು, ಅರಿಶಿನದ ಕಲೆ ಸಮೇತ, ಡಾಕ್ಟರ ಟೇಬಲ್ ಮೇಲೆ ಹರಡಿದೆ. ಈ ಸಲ ಅವರು ಪೆನ್ ಕೆಳಗಿಡಲಿಲ್ಲ. ಥೈರಾಯ್ಡ್, ಹಿಮೋಗ್ಲೋಬಿನ್ ಪರೀಕ್ಷೆ ಬರೆದರು. ಸುಸ್ತು, ಸಿಟ್ಟು, ಮಂಕು ಎಲ್ಲಾ ಅಲ್ಲಿಂದಲೂ ಬರಬಹುದಂತೆ. ಥೈರಾಯ್ಡ್ ಸರಿ ಇತ್ತು. ಹಿಮೋಗ್ಲೋಬಿನ್ 9.4. ನಮ್ಮಂಥವರಿಗೆ 12 ಇರಬೇಕು. ಕಬ್ಬಿಣದ ಮಾತ್ರೆ ಕೊಟ್ಟರು, ಟೀ ಜೊತೆ ನುಂಗಬೇಡಿ, ಟೀ ಕಬ್ಬಿಣವನ್ನ ಮೈಗೆ ಹತ್ತಿಸಲ್ಲ ಅಂದರು. ನಾನು ಅಷ್ಟು ದಿನ ಎಲ್ಲಾ ಮಾತ್ರೆಯನ್ನೂ ಟೀ ಜೊತೆಯೇ ನುಂಗುತ್ತಿದ್ದವಳು.

ಮುಖ್ಯ ವಿಷಯ ಮುಟ್ಟು ನಿಲ್ಲುವ ಕಾಲ ಹತ್ತಿರ ಬಂದಿರುವುದು. ಇಲ್ಲಿಯವರೆಗಿನ ಹಾಳೆಗಳಲ್ಲಿ ಸುತ್ತುಗಳ ನಡುವಿನ ಅಂತರ 26 ದಿನ, ಆಮೇಲೆ 41, ಆಮೇಲೆ 23, ಒಂದು ಸಲ 58. ನಮ್ಮ ದೇಶದಲ್ಲಿ ಹೆಂಗಸರಿಗೆ ಮುಟ್ಟು ನಿಲ್ಲುವ ವಯಸ್ಸು ಸರಾಸರಿ 46-47ರ ಆಸುಪಾಸು, ಅದಕ್ಕೂ ಕೆಲವು ವರ್ಷ ಮುಂಚೆಯೇ ಈ ಏರುಪೇರು ಶುರುವಾಗುತ್ತದಂತೆ. ಪೂರ್ತಿ 12 ತಿಂಗಳು ಮುಟ್ಟೇ ಆಗದೇ ಇದ್ದರೆ ಆಗ ನಿಂತಿತು ಅಂತ ಲೆಕ್ಕ. ನಾನು ಅಂದುಕೊಂಡಿದ್ದೆ, ಹಾರ್ಮೋನ್ ನಿಧಾನಕ್ಕೆ ಕಡಿಮೆಯಾಗುತ್ತಾ ಹೋಗುತ್ತೆ, ಟ್ಯಾಂಕಿನ ನೀರು ಇಳಿದ ಹಾಗೆ. ಹಾಗಲ್ಲವಂತೆ. ಈಸ್ಟ್ರೋಜನ್ ಒಂದು ವಾರ ಮೇಲೆ, ಇನ್ನೊಂದು ವಾರ ದಿಢೀರ್ ಕೆಳಗೆ. ಮನಸ್ಸನ್ನ ಹದದಲ್ಲಿಡುವ ಮೆದುಳಿನ ರಾಸಾಯನಿಕಗಳಿಗೂ ಅದಕ್ಕೂ ನಂಟಿದೆ, ನಿದ್ದೆಗೂ ಇದೆ. "ರಾಶಿ ಅಡಿಕೆ ದರದ ಹಾಗೆ ಅನ್ನಿ" ಅಂದೆ. ಡಾಕ್ಟರ ಮಾವನ ಮನೆಯಲ್ಲೂ ತೋಟ ಇದೆಯಂತೆ. ಜೋರಾಗಿ ನಕ್ಕರು.

ಆವತ್ತಿನಿಂದ ಮನೆಯಲ್ಲಿ ಅದೇ ಮಾತು. ಸಂಜೆ ಬಂದವಳೇ "ಇವತ್ತು ದರ ಬಿದ್ದಿದೆ" ಅಂದರೆ ಅಷ್ಟಕ್ಕೇ ಎಲ್ಲರಿಗೂ ಅರ್ಥ. ಯಾಕೆ ಏನು ಅಂತ ಕೇಳುವ ಹಾಗಿಲ್ಲ. ನಮ್ಮನೆಯವರು ಸುಮ್ನೆ ಕುಕ್ಕರ್ ಇಡುತ್ತಾರೆ. ದುಡ್ಡಿನ ಮಾತು, ಮಗಳ ಫೀಸು, ಅಣ್ಣತಮ್ಮಂದಿರ ಆಸ್ತಿ ಮಾತು ಆ ರಾತ್ರಿ ಬೇಡ. ಮಗಳು ವಿಡಿಯೋ ಕಾಲ್ ಮಾಡಿದರೆ ಮೊದಲ ಪ್ರಶ್ನೆ, "ಅಮ್ಮ, ಮಾರ್ಕೆಟ್ ಹೇಗಿದೆ?"

ಅತ್ತೆಯವರು ಒಪ್ಪಲಿಲ್ಲ. "ಎಲ್ಲಾ ಅಮಾವಾಸ್ಯೆ ಕಣೇ. ನಮ್ಮ ಕಾಲದಲ್ಲೂ ಹೀಗೇ ಆಗ್ತಿತ್ತು, ಕ್ಯಾಲೆಂಡರಿಗೆ ಬರೆದ್ವಾ?" ಸರಿ, ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಇದ್ದೇ ಇದೆಯಲ್ಲ, ನೋಡೇಬಿಡೋಣ ಅಂತ ಅಕ್ಟೋಬರ್ ಮುಗಿದ ಮೇಲೆ ಕೂತೆ. ಹತ್ತು ತಿಂಗಳು, 304 ದಿನ. ಕೆಟ್ಟ ದಿನ 83. ಅಂದರೆ ನಾಲ್ಕರಲ್ಲಿ ಒಂದು, ಸ್ವಲ್ಪ ಜಾಸ್ತಿ. ಹತ್ತು ಅಮಾವಾಸ್ಯೆ, ಹಿಂದಿನ ದಿನ ಮುಂದಿನ ದಿನ ಸೇರಿಸಿ 30 ದಿನ. ಅದರಲ್ಲಿ ಕೆಟ್ಟವು 8. ಅದೇ ದರ, ಏನೂ ವ್ಯತ್ಯಾಸ ಇಲ್ಲ. ಹಾಳೆಗಳನ್ನ ಅತ್ತೆಯವರ ಮುಂದೆ ಹರಡಿ ತೋರಿಸಿದೆ. ಒಂದೊಂದೇ ನೋಡಿದರು. ಕೊನೆಗೆ, "ಹಾಗಾದ್ರೆ ಹುಣ್ಣಿಮೆ ಇರ್ಬೇಕು" ಅಂದರು.

ನಿಜವಾದ ಕಳ್ಳ ಸಿಕ್ಕಿದ್ದು ಪಕ್ಕದ ಅಂಕಿಯಲ್ಲಿ. 83ರಲ್ಲಿ 51 ದಿನಗಳ ಹಿಂದಿನ ರಾತ್ರಿ ನನ್ನ ನಿದ್ದೆ ಐದು ಗಂಟೆಗಿಂತ ಕಡಿಮೆ. ಉಳಿದವುಗಳಲ್ಲಿ ಸುಮಾರು ದಿನ ಮುಟ್ಟಿಗೆ ಮುಂಚಿನ ನಾಲ್ಕೈದು ದಿನದಲ್ಲಿ ಬಿದ್ದಿವೆ, ಆದರೆ ಅದು ಗೊತ್ತಾಗುವುದು ಸುತ್ತು ಹಾಕಿ ಹಿಂದಕ್ಕೆ ಎಣಿಸಿದಾಗ. ದಿನ ತಪ್ಪಿ ತಪ್ಪಿ ಬರುವಾಗ ಮುಂಚೆ ಹೇಳೋಕೆ ಯಾವ ಆ್ಯಪಿನ ಕೈಯಲ್ಲೂ ಆಗಲ್ಲ, ಕ್ಯಾಲೆಂಡರಿನ ಕೈಯಲ್ಲೂ ಆಗಲ್ಲ. ನಿದ್ದೆ ಮಾತ್ರ ಬೆಳಿಗ್ಗೆಯೇ ಗೊತ್ತಿರುತ್ತಲ್ಲ. ಅಂಕಿ 4 ಅಂತ ಬಂದರೆ ಆವತ್ತು ನಾನು ಹುಷಾರು. ಮಂಡಿಯಲ್ಲಿ ಟೆಂಡರ್ ಗಲಾಟೆಯಲ್ಲಿ ಊಟ ಬಿಡುವುದಿಲ್ಲ. ಮಧ್ಯಾಹ್ನದ ಮೇಲೆ ಕಾಫಿ ಇಲ್ಲ, ಇದು ಬಲು ಕಷ್ಟ. ಸಂಜೆ ಮನೆಗೆ ಬರುವ ಮುಂಚೆ ಯಾರ್ಡಿನ ಸುತ್ತ ಇಪ್ಪತ್ತು ನಿಮಿಷ ನಡೆಯುತ್ತೇನೆ. ರಾತ್ರಿಗೆ ಹತ್ತಿಯ ನೈಟಿ, ಕಿಟಕಿ ತೆರೆದು, ಅವರ ರಗ್ಗು ಅವರಿಗೆ ನನ್ನ ಫ್ಯಾನ್ ನನಗೆ. ಸಿಟ್ಟು ಬರುವುದೇ ನಿಂತಿತು ಅಂತಲ್ಲ. ಬಂದಾಗ ಇದು ಟವೆಲ್‌ನಿಂದ ಬಂದಿದ್ದಲ್ಲ, ನಿನ್ನೆ ರಾತ್ರಿಯಿಂದ ಬಂದಿದ್ದು ಅಂತ ಗೊತ್ತಿರುತ್ತದೆ. ಟವೆಲ್ ಒದ್ದೆಯಾಗಿ ಹಾಸಿಗೆ ಮೇಲೆ ಹಾಕುವುದು ತಪ್ಪೇ, ಅದು ಬೇರೆ ಮಾತು.

ಒಂದು ವಿಷಯದಲ್ಲಿ ಈ ಹಾಳೆಗೆ ನಾನು ಋಣಿ. ಜೂನ್ 8ರಿಂದ 21ರವರೆಗೆ ಸಾಲಾಗಿ "ಮಂ". ಹದಿನಾಲ್ಕು ದಿನ, ನಡುವೆ ಒಂದೂ ನೆ ಇಲ್ಲ. ಹೊರಗೆ ಮಳೆ, ಒಳಗೆ ನಾನು. ಎರಡು ವಾರ ಬಿಡದೆ ಮಂಕಾಗಿದ್ದರೆ, ಊಟ ನಿದ್ದೆ ಕೆಲಸ ಯಾವುದೂ ಬೇಡ ಅನ್ನಿಸಿದರೆ, ಕಾಯಬೇಡಿ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಬರೆದಿಡದೇ ಇದ್ದಿದ್ದರೆ ನಾಲ್ಕು ದಿನದಿಂದ ಹೀಗೆ ಅಂದುಕೊಂಡು ಸುಮ್ಮನಿರುತ್ತಿದ್ದೆ. ಆವತ್ತು ರಾತ್ರಿ 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್ ಅಂತ, ಸರ್ಕಾರದ್ದು, 2022ರ ಅಕ್ಟೋಬರಿನಿಂದ ಇದೆ, ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು. ಆ ಕಡೆಯಿಂದ ಕನ್ನಡದಲ್ಲೇ ಒಬ್ಬ ಹುಡುಗಿ ಮಾತಾಡಿದಳು. ಎಷ್ಟು ದಿನದಿಂದ ಅಂತ ಕೇಳಿದಾಗ ನಾನು ಗೋಡೆ ನೋಡಿ ತಾರೀಖು ಓದಿದೆ. ಆಮೇಲೆ ಮನೋವೈದ್ಯರ ಹತ್ತಿರ ಹೋದೆ, ಚಿಕಿತ್ಸೆ ನಡೆಯುತ್ತಿದೆ. ಅದರ ವಿಮರ್ಶೆ ಇಲ್ಲಿ ಬೇಡ. ಕ್ಯಾಲೆಂಡರ್ ಔಷಧಿ ಅಲ್ಲ, ಅದು ಬರೀ ಕಿರ್ದಿ.

ಗುಟ್ಟಾಗಿ ಇಟ್ಟುಕೊಳ್ಳಬೇಕು ಅನ್ನುವವರಿಗೆ ಇದು ಆಗಿಬರುವುದಿಲ್ಲ. ಅಡುಗೆಮನೆ ಗೋಡೆ ಅಂದಮೇಲೆ ಊರಿಗೆಲ್ಲ ಕಾಣುತ್ತದೆ. ಆದರೆ ನನಗೆ ಇದರಿಂದಲೇ ಉಪಯೋಗ ಆಗಿದ್ದು. ಫೋನಿನಲ್ಲಿದ್ದರೆ ನನಗೊಬ್ಬಳಿಗೇ ಗೊತ್ತಿರುತ್ತಿತ್ತು, ನೀರು ಕುಡಿಯೋಕೆ ಬಂದವರಿಗೆ ಗೊತ್ತಾಗುತ್ತಿರಲಿಲ್ಲ. ಆಗಸ್ಟಿನಿಂದ ಅತ್ತೆಯವರೂ ಶುರು ಮಾಡಿದ್ದಾರೆ. ತಾರೀಖಿನ ಮನೆಯ ಮೂಲೆಯಲ್ಲಿ ನಡುಗುವ ಕೈಯಲ್ಲಿ ಒಂದು "ಮ". ನನ್ನ "ಮಂ" ಜೊತೆ ಕಲಸಿಹೋಗಿ ಒಂದು ವಾರ ಲೆಕ್ಕ ಕೆಟ್ಟಿತು. ಕೇಳಿದರೆ, ಅದು ಮಂಡಿ ನೋವಂತೆ. ಅವರಿಗೆ ಈಗ ನೀಲಿ ಪೆನ್ ಕೊಟ್ಟಿದ್ದೇನೆ.

ಇನ್ನು ಎದುರುಮನೆಯವರ ಕಥೆ. ಏಪ್ರಿಲಿನಲ್ಲಿ ಕರಿಬೇವು ಕೇಳೋಕೆ ಬಂದವರು ಕ್ಯಾಲೆಂಡರ್ ಮುಂದೆ ನಿಂತರು. "ಏನ್ರೀ ಇದು, ಸಿ ಅಂದ್ರೆ? ಸಿಲಿಂಡರಾ?" ನಾನು ಹೂಂ ಅಂದುಬಿಟ್ಟೆ. ಅವರು ಬೆರಳಿಟ್ಟು ಎಣಿಸಿದರು. "ತಿಂಗಳಿಗೆ ಆರು ಸಿಲಿಂಡರ್ ಏನ್ ಮಾಡ್ತೀರ್ರೀ? ಹೋಟ್ಲು ಗೀಟ್ಲು ಇಟ್ಟಿದ್ದೀರಾ?" ಒಳಗೆ ನಮ್ಮನೆಯವರು ಕೆಮ್ಮಿದ್ದು ಕೇಳಿಸಿತು. ಆಮೇಲೆ ನಿಜ ಹೇಳಿದೆ. ಅವರು ಏನೂ ಅನ್ನದೆ ಕರಿಬೇವು ತಗೊಂಡು ಹೋದರು.

ದೀಪಾವಳಿ ಮುಗಿದು ವಾರಕ್ಕೆ ಮತ್ತೆ ಬಂದರು. ಈ ಸಲ ಏನೂ ಕೇಳಲಿಲ್ಲ, ಕಟ್ಟೆಗೆ ಒರಗಿ ಸ್ವಲ್ಪ ಹೊತ್ತು ನಿಂತರು. ಕಣ್ಣ ಕೆಳಗೆ ಕಪ್ಪಾಗಿತ್ತು. ಅತ್ತೆ ಒಳಗೆ ಹೋಗುವವರೆಗೆ ಕಾದು ಮೆಲ್ಲಗೆ ಕೇಳಿದರು: "ಆ ಸಿಲಿಂಡರ್ ಲೆಕ್ಕ ನಂಗೂ ಸ್ವಲ್ಪ ಹೇಳಿಕೊಡ್ರೀ."

2026ರ ಕ್ಯಾಲೆಂಡರ್ ಇನ್ನೇನು ಪ್ರೆಸ್ಸಿನಿಂದ ಬರುತ್ತದೆ. ಸಾಹುಕಾರ್ರ ಹತ್ತಿರ ಈ ಸಲ ಎರಡು ಕೇಳಬೇಕು.